ಸರಕು ವ್ಯಾನಿನ ನಿಜವಾದ ಖರ್ಚು: ಕಿಲೋಮೀಟರಿಗೊಂದು ಲೆಕ್ಕ, ಗಂಟೆಗೊಂದು ಲೆಕ್ಕ

ಸ್ವಂತ ವ್ಯಾನಿನಲ್ಲಿ ಸರಕು ಸಾಗಿಸುವವರಲ್ಲಿ ಹೆಚ್ಚಿನವರು ಲೆಕ್ಕ ಹಾಕುವ ರೀತಿ ಒಂದೇ. ಬಂದ ಬಾಡಿಗೆಯಲ್ಲಿ ಡೀಸೆಲ್ ಖರ್ಚು ಕಳೆಯುವುದು, ಟೋಲ್ ಇದ್ದರೆ ಅದನ್ನೂ ಕಳೆಯುವುದು, ಉಳಿದದ್ದನ್ನು ಸಂಪಾದನೆ ಅಂದುಕೊಳ್ಳುವುದು. ಇದಕ್ಕೆ ಕಾರಣವೂ ಇದೆ. ಅಲ್ಲೇ, ಆಗಲೇ ದುಡ್ಡು ಕೇಳುವ ಖರ್ಚುಗಳು ಇವೆರಡೇ. ಟೈರ್ ಇವತ್ತು ಎಷ್ಟು ಸವೆಯಿತು ಅಂತ ಕಣ್ಣಿಗೆ ಕಾಣುವುದಿಲ್ಲ. ವ್ಯಾನಿನ ಬೆಲೆ ಎಷ್ಟು ಇಳಿಯಿತು ಅನ್ನುವುದು ಮಾರುವ ದಿನದವರೆಗೂ ಗೊತ್ತಾಗುವುದಿಲ್ಲ.

ವ್ಯಾನಿನಲ್ಲಿ ಎರಡು ಮೀಟರ್ ಓಡುತ್ತಿರುತ್ತವೆ ಅಂದುಕೊಳ್ಳಿ. ಒಂದು ಕಿಲೋಮೀಟರ್ ಮೀಟರ್. ಅದು ಡ್ಯಾಶ್‌ಬೋರ್ಡಿನಲ್ಲೇ ಇದೆ, ಚಕ್ರ ತಿರುಗಿದರೆ ಮಾತ್ರ ಓಡುತ್ತದೆ. ಇನ್ನೊಂದು ಗಂಟೆ ಮೀಟರ್. ಅದು ಎಲ್ಲೂ ಕಾಣುವುದಿಲ್ಲ, ವ್ಯಾನ್ ಗೋದಾಮಿನ ಮುಂದೆ ಸುಮ್ನೆ ನಿಂತಿದ್ದರೂ ಓಡುತ್ತಲೇ ಇರುತ್ತದೆ. ಬಾಡಿಗೆ ಮಾತಾಡುವಾಗ ಎಲ್ಲರೂ ಮೊದಲ ಮೀಟರನ್ನಷ್ಟೇ ನೋಡುತ್ತಾರೆ. ದುಡ್ಡು ಸೋರುವುದು ಜಾಸ್ತಿ ಎರಡನೆಯದರಿಂದ.

ಒಂದು ಉದಾಹರಣೆ ಲೆಕ್ಕ ಹಾಕಿಯೇ ನೋಡೋಣ. ಹಣದ ಬೆಲೆ ಒಂದೊಂದು ಕಡೆ ಒಂದೊಂದು ಥರ. ಅದಕ್ಕೆ ಹಣದ ಬದಲು ಡೀಸೆಲ್ ಲೀಟರನ್ನೇ ಅಳತೆ ಮಾಡಿಕೊಳ್ಳುತ್ತೇನೆ. ವ್ಯಾನಿನ ಬೆಲೆ 20,000 ಲೀಟರ್ ಡೀಸೆಲಿಗೆ ಸಮ ಅಂದರೆ, ನಿಮ್ಮಲ್ಲಿ ಅಷ್ಟು ಡೀಸೆಲಿಗೆ ಎಷ್ಟು ದುಡ್ಡೋ ಅಷ್ಟು ಬೆಲೆ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಇದೇ.

ಗಂಟೆ ಮೀಟರ್

ವ್ಯಾನನ್ನು ಐದು ವರ್ಷ ಓಡಿಸಿ, ಕೊಂಡ ಬೆಲೆಯ ಶೇ. 40ಕ್ಕೆ ಮಾರುತ್ತೀರಿ ಅಂದುಕೊಳ್ಳಿ. 20,000ದಲ್ಲಿ 8,000 ವಾಪಸ್ ಬಂತು, 12,000 ಹೋಯಿತು. ವರ್ಷಕ್ಕೆ 2,400 ಲೀಟರ್. ಇದೇ ಸವಕಳಿ. ಇದಕ್ಕೆ ಬಿಲ್ ಬರುವುದಿಲ್ಲ, ರಸೀದಿ ಇಲ್ಲ, ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಹಾಗಾಗಿ ಇದು ಖರ್ಚು ಅನ್ನಿಸುವುದೇ ಇಲ್ಲ. ಆದರೆ ಐದು ವರ್ಷ ಆದ ಮೇಲೆ ಹೊಸ ವ್ಯಾನ್ ಬೇಕಾದಾಗ ಆ 12,000 ಎಲ್ಲಿಂದಲೋ ಬರಲೇಬೇಕು, ಅಲ್ವಾ? ಒಳ್ಳೆಯ ಸಂಪಾದನೆ ಇದೆ ಅಂತ ಖುಷಿಯಲ್ಲಿರುವ ಎಷ್ಟೋ ಮಾಲೀಕರು ನಿಜಕ್ಕೂ ಮಾಡುತ್ತಿರುವುದು ತಮ್ಮ ವ್ಯಾನನ್ನೇ ಸ್ವಲ್ಪ ಸ್ವಲ್ಪವಾಗಿ ಮಾರಿಕೊಂಡು ತಿನ್ನುವುದು.

ಇನ್ನು ಬಡ್ಡಿ. ಬೆಲೆಯ ಶೇ. 80, ಅಂದರೆ 16,000 ಲೀಟರಿನಷ್ಟು ಸಾಲ, ಶೇ. 10 ಬಡ್ಡಿ, ಐದು ವರ್ಷ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಹಾಕಿದರೆ ತಿಂಗಳ ಕಂತು 340, ಐದು ವರ್ಷದ ಒಟ್ಟು ಬಡ್ಡಿ ಸುಮಾರು 4,400. ಅದೇ ಶೇ. 10ನ್ನು 'ಫ್ಲ್ಯಾಟ್' ಅಂತ ಹೇಳಿದರೆ, ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ 16,000ದ ಮೇಲೇ. ಕಂತು 400, ಒಟ್ಟು ಬಡ್ಡಿ 8,000. ನಿಜವಾದ ದರ ಶೇ. 17 ದಾಟುತ್ತದೆ. ಕಾಗದದಲ್ಲಿ ಎರಡೂ ಕಡೆ '10' ಅಂತಲೇ ಬರೆದಿರುತ್ತದೆ. ಸಹಿ ಹಾಕುವ ಮುಂಚೆ "ಕಂತು ಎಷ್ಟು, ಎಷ್ಟು ಕಂತು" ಅಂತ ಕೇಳಿ ಗುಣಿಸಿ ನೋಡಿದರೆ ಸಾಕು, ಬಣ್ಣ ಬಯಲಾಗುತ್ತದೆ. ನಮ್ಮ ಲೆಕ್ಕಕ್ಕೆ ಕಮ್ಮಿ ಬಡ್ಡಿಯದ್ದನ್ನೇ ಇಟ್ಟುಕೊಳ್ಳೋಣ: ವರ್ಷಕ್ಕೆ 880.

ಇನ್ಶೂರೆನ್ಸ್, ತೆರಿಗೆ, ಪರ್ಮಿಟ್, ಪಾರ್ಕಿಂಗ್, ಫೋನ್ ಎಲ್ಲ ಸೇರಿ ವರ್ಷಕ್ಕೆ 1,120 ಇರಲಿ. ಇನ್ಶೂರೆನ್ಸ್ ಬಗ್ಗೆ ಒಂದೇ ಮಾತು. ಸ್ವಂತ ಬಳಕೆಯ ಪಾಲಿಸಿ ಬಾಡಿಗೆ ಸರಕಿಗೆ ಸಾಮಾನ್ಯವಾಗಿ ಆಗುವುದಿಲ್ಲ, ಮತ್ತು ವ್ಯಾನಿನ ಪಾಲಿಸಿಯೇ ಬೇರೆ, ಒಳಗಿರುವ ಸರಕಿನ ಪಾಲಿಸಿಯೇ ಬೇರೆ. ಎರಡೂ ಒಂದೇ ಅಂತ ತಿಳಿದುಕೊಂಡವರಿಗೆ ಸತ್ಯ ಗೊತ್ತಾಗುವುದು ಸರಕು ಹಾಳಾದ ದಿನ.

ಕೊನೆಯದು ನಿಮ್ಮ ಸಂಬಳ. ನೀವೇ ಓಡಿಸಿದರೂ ಇದನ್ನು ಖರ್ಚಿನಲ್ಲೇ ಹಿಡಿಯಬೇಕು. ಇದೇ ಕೆಲಸವನ್ನು ಬೇರೆಯವರ ವ್ಯಾನಿನಲ್ಲಿ ಮಾಡಿದ್ದರೆ ತಿಂಗಳಿಗೆ ಏನು ಸಿಗುತ್ತಿತ್ತೋ ಅದು. ತಿಂಗಳಿಗೆ 600 ಲೀಟರ್ ಅಂದರೆ ವರ್ಷಕ್ಕೆ 7,200. ಇದನ್ನು ಬಿಟ್ಟು ಲೆಕ್ಕ ಹಾಕಿದರೆ ನೀವು ವ್ಯಾನಿಗೆ ಬಿಟ್ಟಿ ಡ್ರೈವರ್ ಆದಂತೆ.

ಎಲ್ಲ ಕೂಡಿದರೆ ವರ್ಷಕ್ಕೆ 11,600 ಲೀಟರ್. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಕೆಲಸ ಅಂದರೆ 2,400 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 4.8 ಲೀಟರ್. ಚಕ್ರ ಒಂದು ಸುತ್ತೂ ತಿರುಗದೆ ಗಂಟೆಗೆ ಇಷ್ಟು.

ಕಿಲೋಮೀಟರ್ ಮೀಟರ್

ಇದು ಸುಲಭ. ದೊಡ್ಡ ಡೀಸೆಲ್ ವ್ಯಾನ್ 100 ಕಿಲೋಮೀಟರಿಗೆ 10 ಲೀಟರ್ ಕುಡಿಯುತ್ತದೆ ಅಂದುಕೊಳ್ಳೋಣ. ಟೈರ್, ಬ್ರೇಕ್ ಪ್ಯಾಡ್, ಎಂಜಿನ್ ಆಯಿಲ್, ಕ್ಲಚ್, ಸಣ್ಣಪುಟ್ಟ ರಿಪೇರಿ ಸೇರಿ ಇನ್ನೊಂದು 4. ಒಟ್ಟು 100 ಕಿಲೋಮೀಟರಿಗೆ 14 ಲೀಟರ್.

ವರ್ಷಕ್ಕೆ 40,000 ಕಿಮೀ ಓಡಿದರೆ 5,600 ಲೀಟರ್. ಗಂಟೆ ಮೀಟರಿನ 11,600 ಸೇರಿಸಿ, 17,200. ಇದರಲ್ಲಿ ಡೀಸೆಲ್ ಬರೀ 4,000, ಕಾಲು ಭಾಗಕ್ಕೂ ಕಮ್ಮಿ. ಡೀಸೆಲ್ ಕಳೆದು ಉಳಿದದ್ದು ಲಾಭ ಅನ್ನುವವರು ಉಳಿದ ಮುಕ್ಕಾಲು ಖರ್ಚನ್ನು ನೋಡದೇ ಬಿಟ್ಟಿರುತ್ತಾರೆ.

17,200ನ್ನು 40,000ಕ್ಕೆ ಹಂಚಿದರೆ 100 ಕಿಲೋಮೀಟರಿಗೆ 43 ಲೀಟರ್. ಸರಿ, 43ಕ್ಕಿಂತ ಮೇಲೆ ಯಾವ ರೇಟ್ ಬಂದರೂ ಒಪ್ಪಿಕೊಳ್ಳಬಹುದಾ? ಇಲ್ಲ. ಬಾಡಿಗೆ ಸಿಗುವುದು ಲೋಡ್ ಇರುವ ಕಿಲೋಮೀಟರಿಗೆ ಮಾತ್ರ. ಖರ್ಚು ಬರುವುದು ಎಲ್ಲ ಕಿಲೋಮೀಟರಿಗೆ. ಓಡಿದ್ದರಲ್ಲಿ ಕಾಲು ಭಾಗ ಖಾಲಿ ಓಡಾಟ ಆದರೆ ದುಡಿದ ದೂರ 30,000 ಕಿಮೀ, ಆಗ 100 ಕಿಲೋಮೀಟರಿಗೆ 57 ಲೀಟರ್ ಬರಬೇಕು. ಅರ್ಧ ಖಾಲಿ ಓಡಿದರೆ 86. ನಡುವೆ ಬ್ರೋಕರ್ ಶೇ. 10 ಕಮಿಷನ್ ಹಿಡಿದರೆ ಆ 57 ಹೋಗಿ 64 ಆಗುತ್ತದೆ.

ಈಗ ಗಿರಾಕಿ 55 ಕೊಡುತ್ತಾನೆ, ಕಮಿಷನ್ ಇಲ್ಲ ಅಂದುಕೊಳ್ಳಿ. ವರ್ಷದ ಬಾಡಿಗೆ 16,500. ಖರ್ಚು 17,200, ಅಂದರೆ 700 ನಷ್ಟ. ಆದರೆ ಮಾಲೀಕನಿಗೆ ನಷ್ಟ ಅನ್ನಿಸುವುದೇ ಇಲ್ಲ! ಅವನು ಕೈಯಿಂದ ಕೊಟ್ಟದ್ದು ಓಡಾಟಕ್ಕೆ 5,600, ಇನ್ಶೂರೆನ್ಸ್ ವಗೈರೆಗೆ 1,120, ಕಂತಿಗೆ 4,080. ಒಟ್ಟು 10,800. ಕೈಯಲ್ಲಿ 5,700 ಉಳಿದಿದೆ. ಬೇರೆಯವರ ಹತ್ತಿರ ಸಂಬಳಕ್ಕೆ ಇದ್ದಿದ್ದರೆ 7,200 ಸಿಗುತ್ತಿತ್ತು ಅನ್ನುವುದು ತಲೆಗೆ ಬರುವುದಿಲ್ಲ. ಸಾಲ ತೀರಿದ ವರ್ಷವಂತೂ ಕಂತು ಇಲ್ಲದೆ ಕೈ ತುಂಬಾ ದುಡ್ಡು. ಅದು ಮುಂದಿನ ವ್ಯಾನಿನ ದುಡ್ಡು, ಆದರೆ ಹಾಗಂತ ಅದರ ಮೇಲೆ ಬರೆದಿರುವುದಿಲ್ಲವಲ್ಲ.

ಒಂದೇ ವ್ಯಾನ್, ಎರಡು ರೇಟ್

ಆ 57 ಅನ್ನುವುದು ಬರೀ ಸರಾಸರಿ. ಅದನ್ನೇ ಹಿಡಿದುಕೊಂಡು ಪ್ರತಿ ಲೋಡಿಗೂ ಹೂಂ ಅಥವಾ ಊಹೂಂ ಅಂದರೆ ಮೋಸ ಹೋಗುತ್ತೀರಿ. ಎರಡು ಮೀಟರನ್ನೂ ಬೇರೆ ಬೇರೆ ಹಿಡಿದು ಲೆಕ್ಕ ಹಾಕಿದರೆ ಚಿತ್ರ ಪೂರ್ತಿ ಬದಲಾಗುತ್ತದೆ.

ಊರೊಳಗೇ 20 ಕಿಮೀ ದೂರದ ಒಂದು ಲೋಡ್. ಹೋಗಿ ಖಾಲಿ ಬಂದರೆ 40 ಕಿಮೀ, 5.6 ಲೀಟರ್. ಲೋಡಿಂಗ್, ಟ್ರಾಫಿಕ್, ಅನ್‌ಲೋಡಿಂಗ್, ಸಹಿ ಹಾಕಿಸಿಕೊಳ್ಳಲು ಕಾಯುವುದು ಎಲ್ಲ ಸೇರಿ 3 ಗಂಟೆ, 14.4 ಲೀಟರ್. ಒಟ್ಟು 20. ಲೋಡ್ ಹೊತ್ತ ದೂರ 20 ಕಿಮೀ, ಖರ್ಚು 20 ಲೀಟರ್. ಅಂದರೆ 100 ಕಿಲೋಮೀಟರಿಗೆ 100 ಲೀಟರ್ ರೇಟ್ ಬೇಕು.

ಇನ್ನೊಂದು ಲೋಡ್ 400 ಕಿಮೀ ದೂರದ್ದು. ಜೊತೆಗೆ 130 ಕಿಮೀ ಖಾಲಿ ಓಡಾಟ. 530 ಕಿಲೋಮೀಟರಿಗೆ 74 ಲೀಟರ್. ಓಡಲು 9 ಗಂಟೆ, ಹತ್ತಿಸಿ ಇಳಿಸಲು 2 ಗಂಟೆ, ಅದಕ್ಕೆ 53. ಒಟ್ಟು 127. 100 ಕಿಲೋಮೀಟರಿಗೆ 32 ಲೀಟರ್ ಸಿಕ್ಕರೆ ಸಾಕು.

ಅದೇ ವ್ಯಾನ್, ಅದೇ ಡ್ರೈವರ್, ಒಂದಕ್ಕೆ 100, ಇನ್ನೊಂದಕ್ಕೆ 32. ಸಣ್ಣ ದೂರಕ್ಕೆ ಕಿಲೋಮೀಟರ್ ರೇಟ್ ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ಎಡವಟ್ಟು ಈ ಕೆಲಸದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿ ಟ್ರಿಪ್ಪಿಗೆ ಇಷ್ಟು ಅಥವಾ ಗಂಟೆಗೆ ಇಷ್ಟು ಅಂತಲೇ ಮಾತಾಡಬೇಕು.

ಹಾಲ್ಟಿಂಗ್ ಚಾರ್ಜ್, ಅಂದರೆ ಕಾಯಿಸಿದ್ದಕ್ಕೆ ದುಡ್ಡು, ಕೇಳಲು ಮುಜುಗರಪಡುವವರಿಗೂ ಇದೇ ಲೆಕ್ಕ ಉತ್ತರ. ಗೋದಾಮಿನವರು "ಇನ್ನು ಹತ್ತೇ ನಿಮಿಷ" ಅನ್ನುತ್ತಾ ಎರಡು ಗಂಟೆ ನಿಲ್ಲಿಸಿದರೆ 9.6 ಲೀಟರ್ ಹೋಯಿತು. ಅದು 96 ಕಿಮೀ ಓಡುವಷ್ಟು ಡೀಸೆಲ್. ಯಾರಾದರೂ ನಿಮ್ಮ ಟ್ಯಾಂಕಿನಿಂದ ಅಷ್ಟು ಡೀಸೆಲ್ ತೆಗೆದರೆ ಸುಮ್ನೆ ಇರುತ್ತೀರಾ? ಮೊದಲೇ "ಒಂದು ಗಂಟೆ ಬಿಟ್ಟಿ, ಆಮೇಲೆ ಗಂಟೆಗೆ ಇಷ್ಟು" ಅಂತ ಬರವಣಿಗೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಹೋದ ಹೊತ್ತು, ಲೋಡ್ ಆದ ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಸಹಿ ಇಲ್ಲದ ಹಾಲ್ಟಿಂಗ್‌ಗೆ ದುಡ್ಡು ಬಂದದ್ದು ಕಮ್ಮಿ.

ರಿಟರ್ನ್ ಲೋಡಿಗೆ ಲೆಕ್ಕ ತಿರುವು ತೆಗೆದುಕೊಳ್ಳುತ್ತದೆ. ಸರಕು ಇಳಿಸಿ ಆಯಿತು, 200 ಕಿಮೀ ಖಾಲಿ ಬರಬೇಕು. ಯಾರೋ 100 ಕಿಲೋಮೀಟರಿಗೆ 25ರಂತೆ 50 ಲೀಟರ್ ಕೊಡುತ್ತೇನೆ ಅನ್ನುತ್ತಾರೆ. 57 ಬೇಕು ಅನ್ನುವವರಿಗೆ ಇದು ಅವಮಾನದ ರೇಟ್. ಆದರೆ ಆ 200 ಕಿಮೀ ಹೇಗೂ ಓಡಲೇಬೇಕಲ್ಲ. ಹೊಸದಾಗಿ ಬೀಳುವ ಖರ್ಚನ್ನಷ್ಟೇ ನೋಡಿ. 30 ಕಿಮೀ ಸುತ್ತು, ಅದಕ್ಕೆ 4. ಭಾರಕ್ಕೆ ಜಾಸ್ತಿ ಕುಡಿಯುವ ಡೀಸೆಲ್ ಒಂದು 2. ಹತ್ತಿಸಿ ಇಳಿಸಲು 4 ಗಂಟೆ, ಅದಕ್ಕೆ 19. ಒಟ್ಟು 25. ಕೈಗೆ 25 ಉಳಿಯುತ್ತದೆ, ತೆಗೆದುಕೊಳ್ಳಿ. ಅದೇ ಲೋಡಿಗೆ 4 ಗಂಟೆಯ ಬದಲು ಒಟ್ಟು 8 ಗಂಟೆ ಹೋದರೆ ಖರ್ಚು 44 ಆಗುತ್ತದೆ. ಅದಕ್ಕಾಗಿ ಮರುದಿನ ಬೆಳಗಿನ ಒಳ್ಳೆಯ ಲೋಡ್ ತಪ್ಪಿದರೆ ನಷ್ಟವೇ. ಇನ್ನೊಂದು ಅಪಾಯವೂ ಇದೆ. ರಿಟರ್ನ್ ಲೋಡಿಗೆ ಒಮ್ಮೆ ಈ ರೇಟಿನಲ್ಲಿ ಬಂದರೆ ಅದೇ ಗಿರಾಕಿ ಮುಂದಿನ ಸಲ ಹೋಗುವ ಲೋಡಿಗೂ ಅದನ್ನೇ ಕೊಡಲು ನೋಡುತ್ತಾನೆ.

ವೇಗಕ್ಕೂ ಗಂಟೆ ಮೀಟರಿಗೂ ನಂಟಿದೆ. ಬೇಗ ಹೋದರೆ ಗಂಟೆ ಉಳಿಯುತ್ತದೆ, ನಿಜ. 100 ಕಿಮೀ ದೂರವನ್ನು 90ರ ಬದಲು 110ರ ವೇಗದಲ್ಲಿ ಹೋದರೆ ಉಳಿಯುವುದು 12 ನಿಮಿಷ, ಸುಮಾರು 1 ಲೀಟರಿನ ಬೆಲೆ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 90ರಿಂದ 110ಕ್ಕೆ ಹೋದಾಗ ಅದು ಸುಮಾರು ಒಂದೂವರೆ ಪಟ್ಟು. ಎತ್ತರದ ಪೆಟ್ಟಿಗೆಯಂಥ ವ್ಯಾನಿಗೆ ಆ ವೇಗದಲ್ಲಿ ಎಂಜಿನಿನ ಹೆಚ್ಚಿನ ಶ್ರಮ ಗಾಳಿ ತಳ್ಳುವುದಕ್ಕೇ ಹೋಗುತ್ತದೆ. ಉಳಿಸಿದ 1 ಲೀಟರಿಗಿಂತ ಜಾಸ್ತಿ ಡೀಸೆಲ್ ಅಲ್ಲೇ ಸುಟ್ಟಿರುತ್ತದೆ.

ಯಾವ ವ್ಯಾನ್?

ಸಾಮಾನ್ಯವಾಗಿ ಕಂಪನಿಯ ಕಾಗದದಲ್ಲಿ ದೊಡ್ಡದಾಗಿ ಕಾಣುವುದು ಒಳಗಿನ ಜಾಗ, ಇಷ್ಟು ಘನ ಮೀಟರ್ ಅಂತ. ನೀವು ಮೊದಲು ನೋಡಬೇಕಾದದ್ದು ತೂಕ. ಬಹಳಷ್ಟು ದೇಶಗಳಲ್ಲಿ ಹಗುರ ಸರಕು ವಾಹನದ ಒಟ್ಟು ತೂಕದ ಮಿತಿ 3.5 ಟನ್. ಅದರಲ್ಲಿ ಖಾಲಿ ವ್ಯಾನೇ 2 ಟನ್ ದಾಟಬಹುದು. ಉಳಿದ ತೂಕದಲ್ಲಿ ಡ್ರೈವರ್, ಹೆಲ್ಪರ್, ಒಳಗಿನ ರ‍್ಯಾಕ್, ಟ್ರಾಲಿ, ಹಗ್ಗ ಎಲ್ಲ ಸೇರುತ್ತವೆ. 12 ಘನ ಮೀಟರ್ ಜಾಗ ಇದೆ ಅಂತ ಟೈಲ್ಸ್ ತುಂಬಲು ಹೋದರೆ ಹೆಚ್ಚಿನ ಜಾಗ ಖಾಲಿ ಇರುವಾಗಲೇ ತೂಕದ ಮಿತಿ ಮುಗಿದಿರುತ್ತದೆ. ಫೋಮ್ ಹಾಸಿಗೆ ತುಂಬಿದರೆ ಜಾಗ ಮುಗಿಯುತ್ತದೆ, ತೂಕ ಹಾಗೇ ಉಳಿಯುತ್ತದೆ. ನಿಮ್ಮ ಸರಕು ಇವೆರಡರಲ್ಲಿ ಯಾವ ಜಾತಿ ಅಂತ ಗೊತ್ತಿಲ್ಲದೆ ವ್ಯಾನ್ ಆರಿಸಬಾರದು.

ಶೋರೂಮಿಗೆ ಹೋಗುವಾಗ ಟೇಪ್ ಹಿಡಿದುಕೊಂಡು ಹೋಗಿ. ಹಿಂದಿನ ಬಾಗಿಲಿನ ಅಗಲ, ಪಕ್ಕದ ಬಾಗಿಲಿನ ಅಗಲ, ಒಳಗೆ ಚಕ್ರದ ಮೇಲಿನ ಉಬ್ಬುಗಳ ನಡುವಿನ ಅಗಲ, ಈ ಮೂರನ್ನೂ ಅಳೆಯಿರಿ. ಸರಕು ಪೇರಿಸಿ ಎತ್ತುವ ಹಲಗೆಯ ಚೌಕಟ್ಟಿಗೆ ಪ್ಯಾಲೆಟ್ ಅನ್ನುತ್ತಾರೆ, ಯೂರೋ ಪ್ಯಾಲೆಟ್ 1200 ಗುಣಿಸು 800 ಮಿಲಿಮೀಟರ್. ಹಿಂದಿನಿಂದ ಹೋದ ಪ್ಯಾಲೆಟ್ ಪಕ್ಕದ ಬಾಗಿಲಿನಿಂದ ಹೋಗದೇ ಇರಬಹುದು. ಒಂದೆರಡು ಇಂಚಿಗೆ ಪ್ಯಾಲೆಟ್ ಬಿಚ್ಚಿ ಪೆಟ್ಟಿಗೆ ಪೆಟ್ಟಿಗೆಯಾಗಿ ತುಂಬುವ ಪರಿಸ್ಥಿತಿ ಬಂದರೆ ಪ್ರತಿ ಟ್ರಿಪ್ಪಿಗೂ ಅರ್ಧ ಗಂಟೆ ಹೋಗುತ್ತದೆ. ಗಂಟೆ ಮೀಟರ್ ಅಲ್ಲಿಯೂ ಬಿಡುವುದಿಲ್ಲ.

ಹೊಸದೋ ಸೆಕೆಂಡ್ ಹ್ಯಾಂಡೋ? ಬೆಲೆ ಅತಿ ಜೋರಾಗಿ ಇಳಿಯುವುದು ಮೊದಲ ವರ್ಷಗಳಲ್ಲಿ, ಆ ಪೆಟ್ಟನ್ನು ಹಿಂದಿನ ಮಾಲೀಕ ತಿಂದಿರುತ್ತಾನೆ. ಹಾಗಾಗಿ ಓಡಾಟ ಕಮ್ಮಿ ಇರುವವರಿಗೆ ಹಳೆಯದೇ ವಾಸಿ. ದಿನವೂ ಓಡಿಸುವವರಿಗೆ ಹಾಗಲ್ಲ. ವ್ಯಾನ್ ಗ್ಯಾರೇಜಿನಲ್ಲಿ ನಿಂತ ಒಂದೊಂದು ದಿನಕ್ಕೂ ಗಂಟೆ ಮೀಟರಿನಿಂದ 38 ಲೀಟರಿಗೂ ಜಾಸ್ತಿ ಹೋಗುತ್ತದೆ, ರಿಪೇರಿ ಬಿಲ್ ಬೇರೆ, ಕೈ ತಪ್ಪಿದ ಗಿರಾಕಿ ಬೇರೆ.

ಹಳೆಯ ಡೀಸೆಲ್ ವ್ಯಾನ್ ನೋಡುವಾಗ ಎರಡು ಪ್ರಶ್ನೆ ಕೇಳದೆ ಬರಬೇಡಿ. ಟೈಮಿಂಗ್ ಬೆಲ್ಟ್ (ಪಿಸ್ಟನ್ನಿಗೂ ವಾಲ್ವಿಗೂ ತಾಳ ತಪ್ಪದಂತೆ ನೋಡಿಕೊಳ್ಳುವ ಬೆಲ್ಟ್) ಇರುವ ಎಂಜಿನ್ ಆದರೆ, ಅದನ್ನು ಯಾವಾಗ ಬದಲಿಸಿದ್ದು, ಬಿಲ್ ಇದೆಯಾ? ಓಡುವಾಗ ಆ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಎರಡನೆಯದು, ಈ ವ್ಯಾನ್ ಎಲ್ಲಿ ಓಡುತ್ತಿತ್ತು? ಈಚಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೊಗೆ ಚೆನ್ನಾಗಿ ಬಿಸಿಯಾದಾಗ ಮಾತ್ರ ಆ ಮಸಿ ಸುಟ್ಟು ಫಿಲ್ಟರ್ ತಾನಾಗಿ ಸ್ವಚ್ಛವಾಗುತ್ತದೆ. ಊರೊಳಗೆ ನಾಲ್ಕು ಕಿಮೀ ಓಡಿಸಿ ಆಫ್ ಮಾಡಿ, ಮತ್ತೆ ನಾಲ್ಕು ಕಿಮೀ ಓಡಿಸಿದ ಗಾಡಿಯಲ್ಲಿ ಅಷ್ಟು ಬಿಸಿ ಬರುವುದೇ ಇಲ್ಲ, ಮಸಿ ಕಟ್ಟಿಕೊಳ್ಳುತ್ತದೆ. ಕಮ್ಮಿ ಕಿಲೋಮೀಟರ್ ಓಡಿದ ಸಿಟಿ ವ್ಯಾನಿಗಿಂತ ಜಾಸ್ತಿ ಓಡಿದ ಹೈವೇ ವ್ಯಾನ್ ಎಷ್ಟೋ ಸಲ ವಾಸಿ ಅನ್ನುವುದು ಇದಕ್ಕೇ.

ಎಲೆಕ್ಟ್ರಿಕ್ ವ್ಯಾನ್ ಈ ಎರಡೂ ತಲೆನೋವಿಲ್ಲದ್ದು. ಅಲ್ಲಿ ಸಾಮಾನ್ಯವಾಗಿ ಕಿಲೋಮೀಟರ್ ಮೀಟರ್ ಅಗ್ಗ, ಗಂಟೆ ಮೀಟರ್ ತುಟ್ಟಿ. ಕೊಳ್ಳುವ ಬೆಲೆ ಜಾಸ್ತಿ, ಬ್ಯಾಟರಿಯ ತೂಕಕ್ಕೆ ಸರಕಿನ ತೂಕ ಸ್ವಲ್ಪ ಬಿಟ್ಟುಕೊಡಬೇಕು. ರಾತ್ರಿ ನಿಲ್ಲಿಸುವ ಜಾಗದಲ್ಲೇ ಚಾರ್ಜ್ ಮಾಡಿಕೊಂಡು ಹಗಲೆಲ್ಲ ಊರೊಳಗೆ ಸುತ್ತುವವರಿಗೆ ಲೆಕ್ಕ ಕೂಡಬಹುದು. ದಾರಿಯಲ್ಲಿ ಚಾರ್ಜಿಗೆ ಕಾಯುವವರು ಆ ಹೊತ್ತಿಗೂ ಗಂಟೆಗೆ 4.8 ಹಾಕಿ ನೋಡಲಿ.

ಮೊದಲ ದುಡ್ಡು ಬರುವವರೆಗೆ

ಲೆಕ್ಕ ಸರಿಯಿದ್ದೂ ವ್ಯಾನ್ ಮಾರಿದವರಿದ್ದಾರೆ. ಡೀಸೆಲ್ ಇವತ್ತೇ ಹಾಕಿಸಬೇಕು, ಬಾಡಿಗೆ 30, 45, ಕೆಲವು ಕಡೆ 60 ದಿನಕ್ಕೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ ಓಡಾಟ ಮತ್ತು ಇನ್ಶೂರೆನ್ಸ್ ವಗೈರೆಗೆ 560, ಕಂತಿಗೆ 340, ಮನೆ ನಡೆಸಲು 600. ಒಟ್ಟು 1,500. ಮೊದಲ ಬಿಲ್ಲಿನ ದುಡ್ಡು 45 ದಿನಕ್ಕೆ ಬಂದರೆ ಅಷ್ಟರಲ್ಲಿ 2,250 ಲೀಟರಿನಷ್ಟು ಕೈಯಿಂದ ಹೋಗಿರುತ್ತದೆ. ಡೌನ್ ಪೇಮೆಂಟ್ ಕಟ್ಟಿ ಜೇಬು ಖಾಲಿ ಮಾಡಿಕೊಂಡವರು ಇಲ್ಲೇ ಸಿಕ್ಕಿಬೀಳುವುದು. ಕೈಸಾಲಕ್ಕೆ ಹೋಗುತ್ತಾರೆ, ಇಲ್ಲವೇ ಬೇಗ ದುಡ್ಡು ಕೊಡುವ ಗಿರಾಕಿಗೆ ಕಮ್ಮಿ ರೇಟಿನಲ್ಲಿ ಓಡಿಸುತ್ತಾರೆ. ಡೌನ್ ಪೇಮೆಂಟಿನ ಜೊತೆಗೆ ಈ ಮೊತ್ತವನ್ನೂ ವ್ಯಾನಿನ ಬೆಲೆ ಅಂತಲೇ ಎಣಿಸಬೇಕು.

ಇಷ್ಟೆಲ್ಲ ಆದ ಮೇಲೂ ಸ್ವಂತ ವ್ಯಾನ್ ಬೇಕಾ ಅನ್ನುವುದು ಒಂದು ಭಾಗಾಕಾರದ ಪ್ರಶ್ನೆ. ನಿಮ್ಮ ಸಂಬಳ ಬಿಟ್ಟು ವ್ಯಾನ್ ಇಟ್ಟುಕೊಳ್ಳುವ ಖರ್ಚು ವರ್ಷಕ್ಕೆ 4,400. ಇಂಥದೇ ವ್ಯಾನ್ ದಿನಕ್ಕೆ 30 ಲೀಟರ್ ಬಾಡಿಗೆಗೆ ಸಿಗುತ್ತದೆ, ರಿಪೇರಿ ಅವರದ್ದು, ಡೀಸೆಲ್ ನಿಮ್ಮದು ಅಂದುಕೊಳ್ಳಿ. ಸ್ವಂತದ್ದಾದರೆ ದಿನದ 133 ಕಿಲೋಮೀಟರಿಗೆ ಟೈರ್, ರಿಪೇರಿ ಅಂತ ಸುಮಾರು 5 ಹೋಗುತ್ತಿತ್ತು. ಹಾಗಾಗಿ ಬಾಡಿಗೆ ವ್ಯಾನಿನ ಹೆಚ್ಚುವರಿ ಖರ್ಚು ದಿನಕ್ಕೆ ಸುಮಾರು 25. 4,400ನ್ನು ಇದರಿಂದ ಭಾಗಿಸಿದರೆ 176 ದಿನ. ವರ್ಷಕ್ಕೆ ಅದಕ್ಕಿಂತ ಕಮ್ಮಿ ದಿನ ಕೆಲಸ ಸಿಗುವ ಹಾಗಿದ್ದರೆ ಬಾಡಿಗೆ ವ್ಯಾನೇ ಸರಿ. ಆರು ತಿಂಗಳು ಹಾಗೆ ಓಡಿಸಿದರೆ ಎಷ್ಟು ದಿನ ಕೆಲಸ ಸಿಗುತ್ತದೆ, ಎಷ್ಟು ಖಾಲಿ ಓಡುತ್ತೀರಿ, ಯಾರು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ ಅನ್ನುವ ಮೂರೂ ಅಂಕಿ ನಿಮ್ಮ ಪುಸ್ತಕದಲ್ಲೇ ಇರುತ್ತವೆ. ಸಾಲದ ಅರ್ಜಿಗೆ ಆಮೇಲೆ ಸಹಿ ಹಾಕಬಹುದು.